ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೊ ಕ್ಲಾಸು, ಊಟ, ಶೋ: ನಮಗೆ ಟೋಪಿ ಹಾಕಿದ್ರಾ?

ತುಂಗಾತೀರ
ಎಲ್ರಿಗೂ ನಮಸ್ಕಾರ. ಮಗಳು ಉರುಗ್ವೆ ದೇಶದ ಮಾಂಟೆವಿಡಿಯೊದಲ್ಲಿ ಐಟಿ ಕೆಲಸದಲ್ಲಿದಾಳೆ, ಅವಳನ್ನ ನೋಡೋಕೆ ಅಂತ ನಾನೂ ನಮ್ಮನೆಯವ್ರೂ ಹೋದವ್ರು ಅಲ್ಲಿಂದ ಹಡಗು ಹತ್ತಿ ನಾಲ್ಕು ದಿನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೂ ಹೋಗಿಬಂದ್ವಿ. ದಾಟೋದು ನದೀನೇ ಅಂತೆ, ರಿಯೊ ದೆ ಲಾ ಪ್ಲಾತಾ ಅಂತ ಹೆಸ್ರು, ಎರಡು ಗಂಟೆ ಮೇಲಾಯ್ತು ದಾಟೋಕೆ, ಮಧ್ಯದಲ್ಲಿ ಈ ದಡಾನೂ ಕಾಣಲ್ಲ ಆ ದಡಾನೂ ಕಾಣಲ್ಲ, ನೀರು ಮಾತ್ರ ಆಷಾಢದ ತುಂಗೆ ಥರ ಕೆಮ್ಮಣ್ಣು ಬಣ್ಣ.

ವಿಷಯಕ್ಕೆ ಬರ್ತೀನಿ. ಅಲ್ಲಿಗೆ ಹೋದ್ಮೇಲೆ ಟ್ಯಾಂಗೊ ನೋಡ್ದೇ ಬಂದ್ರೆ ಹೇಗೆ ಅಂತ ಹೋಟೆಲ್‌ನವ್ರ ಹತ್ರ ಬುಕ್ ಮಾಡಿಸಿದ್ವಿ, ಪ್ಯಾಕೇಜ್ ಅದು, ಮೊದ್ಲು ಒಂದು ಗಂಟೆ ಕ್ಲಾಸು, ಆಮೇಲೆ ಊಟ, ಆಮೇಲೆ ಒಂದೂವರೆ ಗಂಟೆ ಶೋ. ಏಳೂವರೆಗೆ ವ್ಯಾನ್ ಬರತ್ತೆ ಅಂದಿದ್ರು, ಬಂದಿದ್ದು ಎಂಟಕ್ಕೆ, ಇನ್ನೂ ನಾಲ್ಕು ಹೋಟೆಲ್ ಸುತ್ತಿ ಜನ ತುಂಬ್ಕೊಂಡು ಹೋಗೋಷ್ಟ್ರಲ್ಲಿ ಒಂದು ಗಂಟೆ ಕ್ಲಾಸು ನಲವತ್ತು ನಿಮಿಷ ಆಗಿತ್ತು. ಮೂವತ್ತು ಜನ ಇದ್ವಿ, ಬ್ರೆಜಿಲ್‌ನವ್ರೇ ಜಾಸ್ತಿ. ಕಲಿಸೋರು ಒಂದು ಜೋಡಿ, ಹುಡುಗಿ ಕಪ್ಪು ಸ್ಕರ್ಟು, ಹುಡುಗ ಕೂದ್ಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದ, ನಮ್ಮ ತಾತನ ಕಾಲದ ಸ್ಕೂಲ್ ಫೋಟೋ ನೆನಪಾಯ್ತು.

ಮೊದಲ ಹತ್ತು ನಿಮಿಷ ಸುಮ್ನೆ ನಡೆಸಿದ್ರು. ಹೌದು, ನಡಿಗೆ ಅಷ್ಟೇ. ಹಾಡು ಹಾಕಿ ಎಲ್ರನ್ನೂ ಹಾಲ್ ಸುತ್ತ ಅಪ್ರದಕ್ಷಿಣೆ ಹಾಕಿಸಿದ್ರು. ಕಾಲು ಎತ್ತಿ ಇಡಬಾರ್ದು, ನೆಲ ಸವರ್ಕೊಂಡು ಹೋಗ್ಬೇಕು, ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿದ್ಮೇಲೇ ಇನ್ನೊಂದು ಹೊರಡ್ಬೇಕು. ಕೇಳೋಕೆ ಏನೂ ಇಲ್ಲ ಅನ್ಸತ್ತೆ, ಮಾಡಿ ನೋಡಿ! ಐವತ್ತೈದು ವರ್ಷದಿಂದ ನಡೀತಿದೀನಿ, ನಡೆಯೋಕೆ ಬರಲ್ಲ ಅಂತ ಗೊತ್ತಾಗಿದ್ದು ಅವತ್ತೇ.

ಆಮೇಲೆ ಜೋಡಿ. ಎಂಟು ಹೆಜ್ಜೆಯ ಲೆಕ್ಕ ಹೇಳ್ಕೊಟ್ರು, ಪಾಸೊ ಬಾಸಿಕೊ ಅಂತ. ಅದ್ರಲ್ಲಿ ಐದನೇ ಹೆಜ್ಜೆಗೆ ಹೆಂಗಸ್ರು ಎಡಗಾಲನ್ನ ಬಲಗಾಲಿನ ಮುಂದೆ ಕತ್ತರಿ ಥರ ತಂದು ನಿಲ್ಲಿಸ್ಬೇಕು. ನಮ್ಮನೆಯವ್ರು ಪೂರ್ತಿ ಹೊತ್ತು ತಮ್ಮ ಶೂನೇ ನೋಡ್ಕೊಂಡಿದ್ರು, ಆ ಹುಡುಗಿ ಬಂದು ಒಂದು ಬೆರಳಲ್ಲಿ ಅವ್ರ ಗಲ್ಲ ಮೇಲೆತ್ತಿ ಹೋದ್ಲು, ಕೆಂಪಗಾಗಿಬಿಟ್ರು ಪಾಪ. ನನ್ನ ಹತ್ರ ಬಂದು "ಎಸ್ಪೆರಾ, ಎಸ್ಪೆರಾ" ಅಂತಾಳೆ. ತಡೀರಿ ಅಂತ ಅರ್ಥ. ಇವ್ರು ಹೆಜ್ಜೆ ಇಡೋಕೆ ಮೊದ್ಲೇ ನಾನು ಇಟ್ಟಾಗಿರತ್ತೆ. ಮದುವೆ ಆಗಿ ಇಪ್ಪತ್ತೆಂಟು ವರ್ಷ ಆಯ್ತು, ಇವ್ರು ಯಾವ ಕಡೆ ಹೊರಟಿದಾರೆ ಅಂತ ಇವ್ರಿಗಿಂತ ಮೊದ್ಲು ನಂಗೆ ಗೊತ್ತಿರತ್ತೆ, ಅದಕ್ಕೆ ನಾನೇನ್ ಮಾಡ್ಲಿ?

ಕೊನೆಗೆ ಇವ್ರ ತಲೆಗೆ ಒಂದು ಟೋಪಿ ಇಟ್ಟು ನನ್ನ ಕೈಗೆ ಕೆಂಪು ಗುಲಾಬಿ ಕೊಟ್ಟು ಫೋಟೋ ತೆಗೆದ್ರು, ಅದಕ್ಕೆ ಬೇರೆ ದುಡ್ಡು. ಫೋಟೋ ಮಗಳಿಗೆ ಕಳಿಸಿದ್ರೆ "ಅಪ್ಪಂಗೆ ಸರಿಯಾಗೇ ಟೋಪಿ ಹಾಕಿದಾರೆ, ಇದೆಲ್ಲ ಟೂರಿಸ್ಟ್ ನಾಟಕ, ಅಲ್ಲಿನವ್ರು ಯಾರೂ ಇದನ್ನ ನೋಡಲ್ಲ" ಅಂತ ನಕ್ಕಿದ್ದೇ ನಕ್ಕಿದ್ದು. ನಂಗೆ ಚೆನ್ನಾಗೇ ಇತ್ತು ಅನ್ಸಿದೆ. ಹೋಗಿಬಂದವ್ರು ಯಾರಾದ್ರೂ ಇದ್ರೆ ಹೇಳಿ, ನಾವು ನೋಡಿದ್ದು ಟ್ಯಾಂಗೊನಾ ಅಲ್ವಾ?

ಬಸ್‌ಪಾಸ್
ತಲೆಗೆ ಎಷ್ಟಾಯ್ತು ಮೇಡಂ? ಮುಂದಿನ ತಿಂಗ್ಳು ಆಫೀಸ್ ಕೆಲ್ಸಕ್ಕೆ ಹೋಗೋದಿದೆ, ಅದಕ್ಕೆ ಕೇಳಿದ್ದು.

ತುಂಗಾತೀರ
@ಬಸ್‌ಪಾಸ್ ವ್ಯಾನು ಊಟ ವೈನು ಎಲ್ಲ ಸೇರಿ ತೊಂಬತ್ತು ಡಾಲರ್ ಹತ್ರ ಒಬ್ರಿಗೆ. ಊಟ ಬೇಡ, ಬರೀ ಶೋ ಸಾಕು ಅಂದ್ರೆ ಅರ್ಧಕ್ಕೆ ಸಿಗ್ತಿತ್ತು, ಅದು ಗೊತ್ತಾಗಿದ್ದು ಪಕ್ಕದ ಟೇಬಲ್‌ನವ್ರು ಹೇಳಿದ್ಮೇಲೆ.

ಹುಬ್ಳಿಮಂದಿ
ಅಕ್ಕಾರ, ಭಾಳ ಚಲೋ ಬರದೀರಿ, ಗಲ್ಲ ಎತ್ತಿದ್ದು ಓದಿ ನಕ್ಕೊಂತ ಕುಂತೀನಿ. ನಾನೂ ಹೋಗಿದ್ದೆ ಎರಡ್ ವರ್ಷದ ಹಿಂದ. ಡ್ಯಾನ್ಸ್ ನೋಡೂದು ಬಿಟ್ಟು ನನ್ನ ಕಣ್ಣು ಪೂರಾ ಆ ಬ್ಯಾಂಡೋನಿಯನ್ ನುಡಿಸಾವನ ಮ್ಯಾಲೇ ಇತ್ತು ನೋಡ್ರಿ. ತೊಡಿ ಮ್ಯಾಲ ಇಟಗೊಂಡು ಹಾವಿನಂಗ ಎಳದು ಬಿಡತಾನ, ಎರಡೂ ಕಡೆ ಗುಂಡಿ, ಒಟ್ಟು 71 ಅಂತ, ಮತ್ತ ಮಜಾ ಏನಂದ್ರ ಅದೇ ಗುಂಡಿ ಒತ್ತಿದ್ರೂ ತಿದಿ ಎಳಿವಾಗ ಒಂದು ಸ್ವರ, ಮುಚ್ಚುವಾಗ ಇನ್ನೊಂದು ಸ್ವರ! ಅಂದ್ರ ಒಂದು ವಾದ್ಯದಾಗ ನಾಕು ಪಾಠ ಕಲಿಬೇಕು, ಬಲಗೈ ಎಡಗೈ, ಎಳಿಯೂದು ಮುಚ್ಚೂದು.

ನಮ್ಮ ಮುತ್ಯಾ ನಾಟಕ ಕಂಪನಿಯೊಳಗ ಪೇಟಿ ಮಾಸ್ತರ ಇದ್ರು, ಅಂದ್ರ ಹಾರ್ಮೋನಿಯಂ ನುಡಸ್ತಿದ್ರು, ಅದಕ್ಕ ಈ ಹುಚ್ಚು ನಂಗ. ನಮ್ಮ ಪೇಟಿಯಂಗ ಇದೂ ಯುರೋಪಿಂದ ಬಂದದ್ದು, ಜರ್ಮನಿಯಾಗ ಹುಟ್ಟಿ ಹಡಗ ಹತ್ತಿ ಅರ್ಜೆಂಟೀನಾಕ್ಕ ಹೋಗಿ ಅಲ್ಲಿಯವರದ ಆಗಿಬಿಟ್ಟೈತಿ. ಎರಡರೊಳಗೂ ತಿದಿ, ಎರಡರೊಳಗೂ ಗಾಳಿಗೆ ನಡುಗಿ ಸ್ವರ ಕೊಡೂ ಪತ್ತಿ, ತತ್ವ ಒಂದೇ. ಇನ್ನೊಂದ್ ಗಮನಿಸಿರೇನು, ಅವರ ಮ್ಯಾಳದಾಗ ತಬಲಾ ಇಲ್ಲ ಡ್ರಮ್ಮಿಲ್ಲ, ಬ್ಯಾಂಡೋನಿಯನ್, ಪಿಟೀಲು, ಪಿಯಾನೊ, ಆ ದೊಡ್ಡ ಪಿಟೀಲಿನಂಥಾ ಬಾಸು ಇಷ್ಟ. ತಾಳ ಹಿಡಿಯೂದು ಪಿಯಾನೊ ಮತ್ತ ಬಾಸು. ನಾ ಮೊದಲ ತಾಸು ಪೂರಾ ತಾಳ ಎಲ್ಲೈತಿ ಅಂತ ಹುಡಕಿದೆ.

ಐದನೇಹೆಜ್ಜೆ
ತುಂಗಾತೀರ ಅವ್ರೇ, ಬೇಜಾರ್ ಮಾಡ್ಕೋಬೇಡಿ, ಮಗಳು ಹೇಳಿದ್ದು ಮುಕ್ಕಾಲು ಪಾಲು ಸರಿ. ನಾನು ಪ್ರಾಜೆಕ್ಟ್ ಮೇಲೆ ಅಲ್ಲಿ ಒಂದೂವರೆ ವರ್ಷ ಇದ್ದೆ, ಈಗ ಬೆಂಗಳೂರಲ್ಲೂ ವಾರಕ್ಕೊಂದ್ಸಲ ಕುಣಿತೀನಿ. ನೀವು ನೋಡಿದ್ದು ಎಸೆನಾರಿಯೊ, ಅಂದ್ರೆ ಸ್ಟೇಜಿಗೆ ಅಂತ ಕಟ್ಟಿದ್ದು, ಕಾಲು ಸೊಂಟದ ಮೇಲೆ ಎಸೆಯೋದು ಹುಡುಗೀನ ಎತ್ತಿ ತಿರುಗ್ಸೋದು ಎಲ್ಲ ಮೊದ್ಲೇ ಕೂತು ಹೊಸೆದಿದ್ದು. ಜನ ಸುಮ್ನೆ ಸಂಜೆ ಹೋಗಿ ಕುಣಿಯೋ ಜಾಗಕ್ಕೆ ಮಿಲೊಂಗ ಅಂತಾರೆ, ಅಲ್ಲಿ ಯಾರಾದ್ರೂ ಕಾಲು ಹಾಗೆ ಎಸೆದ್ರೆ ಪಕ್ಕದವ್ರ ಮೊಣಕಾಲಿಗೆ ಬೀಳತ್ತೆ. ಅಲ್ಲಿ ನಡೆಯೋದು ಹೊಸೆದಿದ್ದಲ್ಲ, ಹಾಡು ಕೇಳ್ತಾ ಕೇಳ್ತಾ ಆ ಕ್ಷಣಕ್ಕೆ ಹುಟ್ಟೋದು, ಮುಂದಿನ ಹೆಜ್ಜೆ ಏನು ಅಂತ ಇಬ್ರಿಗೂ ಗೊತ್ತಿರಲ್ಲ. ಆಗಸ್ಟ್‌ನಲ್ಲಿ ಆ ಊರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಗತ್ತೆ, ಅದ್ರಲ್ಲೂ ಪಿಸ್ತ ಅಂದ್ರೆ ಮಿಲೊಂಗದ ಥರ ಕುಣಿಯೋದು ಒಂದು ವಿಭಾಗ, ಎಸೆನಾರಿಯೊ ಇನ್ನೊಂದು ವಿಭಾಗ, ಬೇರೆ ಬೇರೆ.

ಮತ್ತೆ ಆ ಎಂಟು ಹೆಜ್ಜೆ ಇದ್ಯಲ್ಲ, ಅದು ಕ್ಲಾಸಿಗೆ ಮಾಡ್ಕೊಂಡಿರೋ ಅನುಕೂಲ. ಮೊದಲ್ನೇ ಹೆಜ್ಜೇನೇ ಗಂಡಸು ಹಿಂದಕ್ಕೆ ಇಡೋದು, ತುಂಬಿದ ಹಾಲಲ್ಲಿ ಹಾಗೆ ಇಟ್ರೆ ಹಿಂದಿನ ಜೋಡಿ ಮೇಲೆ ಬೀಳ್ತೀರ. ಆದ್ರೆ ಹತ್ತು ನಿಮಿಷ ನಡೆಸಿದ್ರು ಅಂದ್ರಲ್ಲ, ಅದು ಅಪ್ಪಟ ಚಿನ್ನ. ಅಲ್ಲಿನ ಮೇಷ್ಟ್ರುಗಳು ವರ್ಷಗಟ್ಲೆ ಅದನ್ನೇ ಮಾಡಿಸ್ತಾರೆ.

ಮಿಲೊಂಗಕ್ಕೆ ಮೊದಲ ಸಲ ಹೋದಾಗ ನನ್ನ ಕಥೆ ಕೇಳಿ. ಅಲ್ಲಿ ಎದ್ದು ಹೋಗಿ "ಬರ್ತೀರಾ ಕುಣಿಯೋಕೆ" ಅಂತ ಕೇಳಂಗಿಲ್ಲ. ಕೂತಲ್ಲಿಂದಲೇ ಕಣ್ಣು ಕೂಡಿಸ್ಬೇಕು, ಅವ್ರೂ ನೋಡಿದ್ರೆ ತಲೆ ಸ್ವಲ್ಪ ಬಗ್ಗಿಸ್ಬೇಕು, ಕಾಬೆಸೆಯೊ ಅಂತ ಅದಕ್ಕೆ. ಬೇಡ ಅಂದ್ರೆ ಅವ್ರು ಬೇರೆ ಕಡೆ ನೋಡ್ತಾರೆ, ಯಾರಿಗೂ ಅವಮಾನ ಆಗಲ್ಲ. ಎಷ್ಟು ನಾಜೂಕು ನೋಡಿ. ನಂದೇನು ಸಮಸ್ಯೆ ಅಂದ್ರೆ, ನಾನು ತಲೆ ಬಗ್ಗಿಸ್ತೀನಿ ಅಂದ್ಕೊಂಡು ನಮ್ಮೂರ ಥರ ಆ ಕಡೆ ಈ ಕಡೆ ಅಲ್ಲಾಡ್ಸಿದೀನಿ! ಅವ್ರಿಗೆ ಹೂಂ ಅಂತಿದಾನಾ ಊಹೂಂ ಅಂತಿದಾನಾ ಅರ್ಥವೇ ಆಗಿಲ್ಲ. ಒಂದೂವರೆ ಗಂಟೆ ಕಾಫಿ ಕುಡ್ಕೊಂಡು ಕೂತಿದ್ದೆ.

ಕೊನೆಗೆ ಒಬ್ರು ಅರವತ್ತು ದಾಟಿದ ಅಮ್ಮ ಕರುಣೆ ತೋರ್ಸಿ ಒಪ್ಪಿದ್ರು. ಹಾಡು ಮುಗೀತು, ನಾನು ದೊಡ್ಡ ಸಭ್ಯಸ್ಥನ ಥರ "ಗ್ರಾಸಿಯಾಸ್" ಅಂದೆ. ಆಕೆ ಒಂಥರಾ ನೋಡಿ ಸೀದಾ ಹೋಗಿ ಕೂತ್ಬಿಟ್ರು. ಆಮೇಲೆ ಗೊತ್ತಾಗಿದ್ದು, ಒಂದು ಜೋಡಿ ಒಂದ್ಸಲ ಎದ್ರೆ ಮೂರೋ ನಾಲ್ಕೋ ಹಾಡು ಒಟ್ಟಿಗೇ ಕುಣಿಬೇಕು, ಅದಕ್ಕೆ ತಾಂಡಾ ಅಂತಾರೆ, ಮಧ್ಯದಲ್ಲಿ ಥ್ಯಾಂಕ್ಸ್ ಹೇಳಿದ್ರೆ "ಸಾಕಮ್ಮ ನಿನ್ನ ಸಹವಾಸ" ಅಂತ ಅರ್ಥ. ತಾಂಡಾ ಮುಗಿದಾಗ ಕೊರ್ತಿನಾ ಅಂತ ಬೇರೆ ಯಾವ್ದೋ ಸಂಗೀತದ ತುಣುಕು ಹಾಕ್ತಾರೆ, ಆಗ ಹೇಳ್ಬೇಕು. ಅವತ್ತು ರಾತ್ರಿ ನಿದ್ದೆ ಬಂದಿಲ್ಲ ನಂಗೆ.

ಒಗ್ಗರಣೆ
ಯಾರಾದ್ರೂ ಊಟದ ಬಗ್ಗೆ ಬರೀರಪ್ಪ. ನಾವು ಪಕ್ಕಾ ವೆಜ್ಜು. ಆ ದೇಶದಲ್ಲಿ ಹಸು ಬಿಟ್ರೆ ಇನ್ನೇನೂ ತಿನ್ನಲ್ವಂತೆ?

ತುಂಗಾತೀರ
@ಒಗ್ಗರಣೆ ಅಯ್ಯೋ ಅದನ್ನ ಯಾಕೆ ಕೇಳ್ತೀರ. ಬುಕ್ ಮಾಡುವಾಗ್ಲೇ ವೆಜಿಟೇರಿಯನ್ ಅಂತ ಬರೆಸಿದ್ವಿ. ಮೊದ್ಲು ಬಂದಿದ್ದು ಎಂಪನಾಡ. ನೋಡೋಕೆ ಥೇಟ್ ಕರ್ಜಿಕಾಯಿ, ಅಂಚು ಮಡಚಿ ಮಡಚಿ ಜಡೆ ಥರ ಹೆಣೆದಿರ್ತಾರೆ, ಆ ಮಡಿಕೆಯ ನಮೂನೆ ನೋಡಿ ಒಳಗೆ ಏನಿದೆ ಅಂತ ಹೇಳ್ಬಹುದಂತೆ. ನಮಗೆ ಆ ವಿದ್ಯೆ ಗೊತ್ತಿಲ್ವಲ್ಲ, ಮುರಿದು ನೋಡಿದ್ರೆ ಹ್ಯಾಮು. ಕರೆದು ತೋರ್ಸಿದ್ರೆ ಆ ಹುಡುಗಂಗೆ ನಿಜವಾಗ್ಲೂ ಆಶ್ಚರ್ಯ, "ಇದು ಮಾಂಸ ಅಲ್ವಲ್ಲ, ಹ್ಯಾಮು" ಅಂತಾನೆ! ಅವ್ರಿಗೆ ಕಾರ್ನೆ ಅಂದ್ರೆ ದನದ್ದು ಮಾತ್ರ, ಕೋಳಿ ಹಂದಿ ಎಲ್ಲ ಆ ಲೆಕ್ಕಕ್ಕೆ ಬರಲ್ಲ ಅನ್ಸತ್ತೆ.

ಬದ್ಲು ತಂದಿದ್ದು ಜೋಳದ ಎಂಪನಾಡ, ಉಮಿತಾ ಅಂತ, ಅದು ಸಿಹಿಸಿಹಿಯಾಗಿ ಚೆನ್ನಾಗಿತ್ತು. ಆಮೇಲೆ ಪ್ರೊವೊಲೆಟಾ, ಅಂದ್ರೆ ದಪ್ಪ ಚೀಸ್ ಬಿಲ್ಲೆ ಸುಟ್ಟು ಮೇಲೆ ಓರೆಗಾನೊ ಉದುರ್ಸಿ ಕೊಡ್ತಾರೆ. ನಮ್ಮನೆಯವ್ರು ಎರಡನೇದೂ ತರಿಸಿದ್ರು. ಕೊನೆಗೆ ಫ್ಲಾನು ಅಂತ ಪುಡಿಂಗು, ಮೇಲೆ ದುಲ್ಸೆ ದೆ ಲೆಚೆ, ಹಾಲು ಸಕ್ಕರೆ ಕಂದು ಬಣ್ಣ ಬರೋವರೆಗೂ ಕಾಯಿಸಿದ್ದು. ಫ್ಲಾನಲ್ಲಿ ಮೊಟ್ಟೆ ಇರತ್ತೆ, ಮೊಟ್ಟೆ ತಿನ್ನದವ್ರು ಆ ಮೇಲಿಂದು ಮಾತ್ರ ಚಮಚದಲ್ಲಿ ಬಳಿದು ತಿನ್ನಿ, ನಾನು ಹಾಗೇ ಮಾಡಿದ್ದು, ಯಾರೂ ನೋಡ್ಲಿಲ್ಲ.

ಹುಬ್ಳಿಮಂದಿ
ಆ ದುಲ್ಸೆ ಒಂದು ಬಟ್ಟಲಾ ತಿಂದು ಕಣ್ಣು ಮುಚ್ಚಿದ್ರ ಧಾರವಾಡದ ಫೇಡಾ ಅಂಗಡಿ ಮುಂದ ನಿಂತಂಗ ಆಗತೈತಿ. ಮತ್ತ ಅಲ್ಲಿ ಪಿಜ್ಜಾ ಅಂಗಡಿಯೊಳಗ ಫೈನಾ ಅಂತ ಕೊಡತಾರ, ಕಡ್ಲಿಹಿಟ್ಟಿನ ದಪ್ಪ ರೊಟ್ಟಿ, ಖರೇನ ಕಡ್ಲಿಹಿಟ್ಟು! ಇಟಲಿಯಿಂದ ಹೋದವರು ತಗೊಂಡು ಹೋಗ್ಯಾರ. ಪಿಜ್ಜಾದ ಮ್ಯಾಲ ಅದನ್ನ ಇಟಗೊಂಡು ತಿಂತಾರ. ವೆಜ್ ಮಂದಿ ಅದನ್ನ ಹುಡಕ್ರಿ, ಒಂದ್ ಹಸಿಮೆಣಸಿನಕಾಯಿ ಇದ್ರ ಸ್ವರ್ಗ.

ಮೇಷ್ಟ್ರು_ನಿವೃತ್ತ
"ಟೂರಿಸ್ಟ್ ನಾಟಕ, ನಿಜವಾದ ಟ್ಯಾಂಗೊ ಅಲ್ಲ" ಅಂತ ತಳ್ಳಿಹಾಕೋದಕ್ಕೆ ನನ್ನದೊಂದು ತಕರಾರಿದೆ.

ಟ್ಯಾಂಗೊ ಹುಟ್ಟಿದ್ದು 19ನೇ ಶತಮಾನದ ಕೊನೆಗೆ ಆ ನದಿಯ ಎರಡೂ ದಂಡೆಯ ಬಡವರ ಕೇರಿಗಳಲ್ಲಿ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳ ಕಾಂದೊಂಬೆ ಡೋಲು, ಕ್ಯೂಬಾ ಕಡೆಯ ಹಬನೇರಾ ಕುಣಿತ, ಹಳ್ಳಿಗಾಡಿನ ಹಾಡು, ಇಟಲಿ ಸ್ಪೇನಿಂದ ಹಡಗಿಳಿದ ಕೂಲಿಗಳು ತಂದ ಪಿಟೀಲು, ಎಲ್ಲ ಕಲಸಿಹೋಯಿತು. ಒಂದೊಂದು ವಠಾರದಲ್ಲಿ ಹತ್ತಾರು ಸಂಸಾರ, ಅದಕ್ಕೆ ಕೊನ್ವೆಂತಿಯೊ ಅಂತಿದ್ದರು. ಊರಿನ ಸಿರಿವಂತರು ಇದನ್ನ ಕೊಳಕು ಕುಣಿತ ಅಂತ ಮೂಗು ಮುರೀತಿದ್ದರು. 1913ರ ಹೊತ್ತಿಗೆ ಪ್ಯಾರಿಸ್‌ನ ದೊಡ್ಡಮನೆಗಳಲ್ಲಿ ಟ್ಯಾಂಗೊ ಹುಚ್ಚು ಹತ್ತಿತು ನೋಡಿ, ಆಮೇಲೆ ಇವರಿಗೂ ರುಚಿ ಹತ್ತಿತು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಅಲ್ಲೂ ಅಷ್ಟೇ.

30-40ರ ದಶಕ ಸುವರ್ಣಕಾಲ, ದಾರಿಯೆನ್ಸೊ, ದಿ ಸಾರ್ಲಿ, ತ್ರೊಯ್ಲೊ, ಪುಗ್ಲಿಯೇಸೆ, ಇವರ ಮೇಳಗಳು. ನಿಮ್ಮ ಕ್ಲಾಸಲ್ಲಿ ನಡೆಯೋಕೆ ಹಾಕಿದ್ದು ದಿ ಸಾರ್ಲಿಯ ಹಾಡೇ ಇದ್ದರೂ ಇರಬಹುದು, ನಡಿಗೆಗೆ ಅಷ್ಟು ಸ್ಪಷ್ಟವಾದ ಲಯ ಇನ್ಯಾರದ್ದೂ ಇಲ್ಲ ಅಂತ ಮೇಷ್ಟ್ರುಗಳು ಅದನ್ನೇ ಹಾಕ್ತಾರೆ. 1955ರಲ್ಲಿ ಸೇನೆ ಪೆರೊನ್ ಸರ್ಕಾರವನ್ನ ಕೆಡವಿತು, ಜನ ಗುಂಪು ಸೇರೋದೇ ಕಷ್ಟವಾಯಿತು, ಹಿಂದೆಯೇ ರಾಕ್ ಅಂಡ್ ರೋಲ್ ಬಂತು, ಹುಡುಗರು ಟ್ಯಾಂಗೊ ಕಲಿಯೋದನ್ನೇ ಬಿಟ್ಟರು.

ಮತ್ತೆ ಎದ್ದಿದ್ದು ಹೇಗೆ ಗೊತ್ತೇ? ಸ್ಟೇಜ್ ಶೋ ಒಂದರಿಂದ! 1983ರಲ್ಲಿ ಪ್ಯಾರಿಸ್‌ನಲ್ಲಿ ಟ್ಯಾಂಗೊ ಅರ್ಜೆಂಟೀನೊ ಅನ್ನೋ ಪ್ರದರ್ಶನ ಶುರುವಾಯಿತು, 1985ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಹೋಯಿತು. ಅದರಲ್ಲಿ ಕುಣಿದವರಲ್ಲಿ ಹಲವರು ಹೊಟ್ಟೆ ಬಂದ, ತಲೆ ನೆರೆದ ನಡುವಯಸ್ಸಿನವರು, ಮಿಲೊಂಗಗಳಲ್ಲೇ ಬೆಳೆದವರು. ನೋಡಿದ ಜಪಾನು, ಜರ್ಮನಿ, ಅಮೆರಿಕದವರೆಲ್ಲ "ನಮಗೂ ಕಲಿಸಿ" ಅಂತ ಬ್ಯೂನಸ್ ಐರಿಸ್‌ಗೆ ಬಂದಿಳಿದರು, ಆಗ ಮುದುಕರು ಮತ್ತೆ ಶೂ ಹಾಕಿಕೊಂಡರು. ಐದನೇಹೆಜ್ಜೆಯವರೇ, ನೀವು ಬೆಂಗಳೂರಲ್ಲಿ ಕುಣಿಯೋದರ ಹಿಂದೆಯೂ ಆ ಸ್ಟೇಜಿದೆ.

ಐದನೇಹೆಜ್ಜೆ
ಮೇಷ್ಟ್ರೇ ಇದಕ್ಕೆ ನನ್ ಹತ್ರ ಉತ್ತರ ಇಲ್ಲ. ಆದ್ರೂ ತೊಂಬತ್ತು ಡಾಲರ್ ಜಾಸ್ತೀನೇ 😄

ಪೂರ್ವದಂಡೆ
ಎಲ್ರೂ ಅರ್ಜೆಂಟೀನಾ ಅರ್ಜೆಂಟೀನಾ ಅಂತಿದೀರಲ್ಲ, ಮಾಂಟೆವಿಡಿಯೊದಲ್ಲಿ ಏಳು ವರ್ಷದಿಂದ ಇರೋ ನಾನು ಸುಮ್ನಿರಲ್ಲ. ಮೇಷ್ಟ್ರು ಎರಡೂ ದಂಡೆ ಅಂದಿದ್ದಕ್ಕೆ ಥ್ಯಾಂಕ್ಸ್. 2009ರಲ್ಲಿ ಟ್ಯಾಂಗೊ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದಾಗ್ಲೂ ಎರಡೂ ದೇಶ ಸೇರಿ ಅರ್ಜಿ ಹಾಕಿದ್ದು. ಲೋಕವೆಲ್ಲ ಟ್ಯಾಂಗೊ ಅಂದ್ರೆ ಗುನುಗೋ ಲಾ ಕುಂಪರ್ಸಿತಾ ಇದ್ಯಲ್ಲ, ಮಿಲೊಂಗದಲ್ಲಿ ಅದು ಬಂತು ಅಂದ್ರೆ ಕೊನೆ ಹಾಡು, ಮನೆಗೆ ಹೋಗಿ ಅಂತ, ನಮ್ಮ ಮಂಗಳ ಹಾಡಿದ ಹಾಗೆ, ಅದನ್ನ ಕಟ್ಟಿದ್ದು ಮಾಂಟೆವಿಡಿಯೊದ ಒಬ್ಬ ಆರ್ಕಿಟೆಕ್ಚರ್ ಸ್ಟೂಡೆಂಟು, ಮಾತೋಸ್ ರೊಡ್ರಿಗೆಸ್, ಕಾರ್ನಿವಲ್ ಮೆರವಣಿಗೆಗೆ ಅಂತ. 1998ರಲ್ಲಿ ಉರುಗ್ವೆ ಕಾನೂನೇ ಮಾಡಿ ಅದನ್ನ ದೇಶದ ಜನಪ್ರಿಯ, ಸಾಂಸ್ಕೃತಿಕ ಗೀತೆ ಅಂತ ಘೋಷಿಸ್ತು. 2000ದ ಸಿಡ್ನಿ ಒಲಿಂಪಿಕ್ಸಲ್ಲಿ ಅರ್ಜೆಂಟೀನಾ ತಂಡ ಅದೇ ಹಾಡಿಗೆ ಮೆರವಣಿಗೆ ಬಂದ್ರು, ಇಲ್ಲಿಯವ್ರಿಗೆ ಮೈಯೆಲ್ಲ ಉರಿದು ಸರ್ಕಾರವೇ ಪ್ರತಿಭಟನೆ ಮಾಡಿತ್ತು.

ಗಾರ್ದೆಲ್ ಅಂತ ದೊಡ್ಡ ಹಾಡುಗಾರ, ಅವನ ಜಗಳವಂತೂ ಇನ್ನೂ ಮುಗಿದಿಲ್ಲ. ಫ್ರಾನ್ಸಿನ ತುಲೂಸ್‌ನಲ್ಲಿ 1890ರ ಡಿಸೆಂಬರ್ 11ಕ್ಕೆ ಹುಟ್ಟಿದ್ದು ಅಂತ ಅರ್ಜೆಂಟೀನಾದವ್ರು, ಇಲ್ಲ ನಮ್ಮ ತಾಕ್ವಾರೆಂಬೊದಲ್ಲಿ ಹುಟ್ಟಿದ್ದು ಅಂತ ಉರುಗ್ವೆಯವ್ರು, ಅಲ್ಲೊಂದು ಮ್ಯೂಸಿಯಂ ಕೂಡ ಇದೆ. 1935ರಲ್ಲಿ ಕೊಲಂಬಿಯಾದ ಮೆದೆಯಿನ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದ. "ದಿನಾ ದಿನಾ ಇನ್ನೂ ಚೆನ್ನಾಗಿ ಹಾಡ್ತಾನೆ" ಅಂತ ಈಗ್ಲೂ ಹೇಳ್ತಾರೆ, ಸತ್ತು ತೊಂಬತ್ತು ವರ್ಷ ಆದವನ ಬಗ್ಗೆ!

ತುಂಗಾತೀರ
@ಪೂರ್ವದಂಡೆ ಚಕರೀತಾ ಸ್ಮಶಾನದಲ್ಲಿ ಅವನ ಸಮಾಧಿ ನೋಡಿದ್ವಿ! ನಿಂತಿರೋ ಕಂಚಿನ ಪ್ರತಿಮೆ, ಬೆರಳ ಸಂದೀಲಿ ಯಾರೋ ನಿಜವಾದ ಸಿಗರೇಟ್ ಹಚ್ಚಿ ಇಟ್ಟು ಹೋಗಿದ್ರು, ಹೊಗೆ ಬರ್ತಾನೇ ಇತ್ತು. ನಮ್ಮನೆಯವ್ರು ಸಿಗರೇಟ್ ಬಿಟ್ಟು ಹತ್ತು ವರ್ಷ ಆಯ್ತು, ಐದು ನಿಮಿಷ ಭಕ್ತಿಯಿಂದ ಅದನ್ನೇ ನೋಡ್ತಾ ನಿಂತಿದ್ರು.

ನೇರಮಾತು
ಎಲ್ಲ ಸರಿ, ಆದ್ರೆ ಗಂಡಸು ನಡೆಸ್ಬೇಕು ಹೆಂಗಸು ಕಾಯ್ಬೇಕು ಅನ್ನೋ ಡ್ಯಾನ್ಸನ್ನ 90 ಡಾಲರ್ ಕೊಟ್ಟು ಕಲಿಬೇಕಾ? ನಮ್ಮನೇಲಿ ಫ್ರೀಯಾಗಿ ನಡೀತಿದೆ.

ಐದನೇಹೆಜ್ಜೆ
@ನೇರಮಾತು 😂 ಒಳ್ಳೆ ಪ್ರಶ್ನೆ. ಹೊರಗಿಂದ ನೋಡಿದ್ರೆ ಹಾಗೇ ಕಾಣತ್ತೆ. ನಂಗೂ ಹಾಗೇ ಅನ್ಸಿತ್ತು, ಒಂದಿನ ನಮ್ಮ ಟೀಚರ್ ಪಾತ್ರ ಅದಲು ಬದಲು ಮಾಡ್ಸಿ ನನ್ನನ್ನ ಹಿಂದೆ ನಡೆಸಿದ್ರು. ಕಣ್ಣು ಮುಚ್ಕೊಂಡು ಹಿಂದಕ್ಕೆ ಹೆಜ್ಜೆ ಇಡ್ಬೇಕು, ಎದುರಿನವ್ರ ಎದೆ ಎಷ್ಟು ತಿರುಗ್ತು ಅನ್ನೋದ್ರ ಮೇಲೆ ನನ್ನ ಕಾಲು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ಬೇಕು. ಅಬ್ಬಾ. ಎರಡು ಹಾಡಿಗೆ ಬೆವರು ಕಿತ್ಕೊಂಡು ಬಂತು. ಮತ್ತೆ ನಡೆಸೋನು ಬರೀ ಸೂಚನೆ ಕೊಟ್ಟು ನಿಲ್ಬೇಕು, ಆಕೆ ಆ ಹೆಜ್ಜೆ ಮುಗಿಸೋ ತನಕ ಇವನು ಕಾಯ್ಬೇಕು, ಆಕೆ ಮಧ್ಯದಲ್ಲಿ ನಿಧಾನಕ್ಕೆ ಕಾಲಲ್ಲಿ ಒಂದು ಸುತ್ತು ಬರೆದ್ರೆ ಇವನು ಕಂಬದ ಥರ ನಿಂತಿರ್ಬೇಕು. ಯಾರು ಯಾರನ್ನ ಕಾಯ್ತಿದಾರೆ ಹೇಳೋದು ಕಷ್ಟ. ಹಳೇ ಕಾಲದಲ್ಲಿ ಗಂಡಸ್ರು ಗಂಡಸ್ರ ಜೊತೆಗೇ ಪ್ರಾಕ್ಟೀಸ್ ಮಾಡಿ ಕಲೀತಿದ್ರು, ಅಂದ್ರೆ ಅವ್ರೂ ಹೆಣ್ಣಿನ ಹೆಜ್ಜೆ ಕಲೀಲೇಬೇಕಿತ್ತು. ಈಗ ಯಾರು ಬೇಕಾದ್ರೂ ಯಾವ ಪಾತ್ರ ಬೇಕಾದ್ರೂ ಕುಣಿಯೋ ಮಿಲೊಂಗಗಳು ಆ ಊರಲ್ಲಿವೆ.

ನೇರಮಾತು
ನಮ್ಮನೆಯವ್ರನ್ನ ಕಣ್ಣು ಮುಚ್ಚಿಸಿ ಹಿಂದಕ್ಕೆ ನಡೆಸೋ ಪಾರ್ಟ್ ಇಷ್ಟ ಆಯ್ತು. ಬೆಂಗಳೂರಲ್ಲಿ ಕ್ಲಾಸ್ ಯಾವಾಗ?

ಕಡಲೂರು
ಮಾರಾಯ್ರೆ, ಇದು ನಮ್ಮ ಯಕ್ಷಗಾನದ ಕಥೆಯೇ ಆಯ್ತಲ್ಲ. ಹೋಟ್ಲಲ್ಲಿ ಟೂರಿಸ್ಟರಿಗೆ ಅಂತ ಮುಕ್ಕಾಲು ಗಂಟೆ ಚೆಂಡೆ ಬಡಿದು ನಾಲ್ಕು ದಿಗಿಣ ಹೊಡೆದು ಮುಗಿಸ್ತಾರೆ, ಅದನ್ನು ಕಂಡು ಹೋದವ ಯಕ್ಷಗಾನ ಕಂಡೆ ಅಂತಾನೆ. ಬಯಲಾಟದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳ್ತಾರಲ್ಲ, ಅದು ಅವನಿಗೆ ಎಂತ ಗೊತ್ತು? ಆದ್ರೆ ಒಂದು ಮಾತು, ಆ ಹೋಟ್ಲಲ್ಲಿ ಕುಣಿದವನೂ ಮೇಳದವನೇ ಇರ್ತಾನೆ. ಕಾಲು ಅದೇ, ಗೆಜ್ಜೆ ಅದೇ. ತುಂಗಾತೀರದವರೇ, ನಿಮ್ಮ ಶೋದವರು ಕುಣಿದಾದ ಮೇಲೆ ಎಲ್ಲಿಗೆ ಹೋದ್ರು ಕೇಳಿದ್ರಾ?

ತುಂಗಾತೀರ
@ಕಡಲೂರು ಕೇಳಿದ್ವಿ! ಅಂದ್ರೆ ಕೇಳ್ಬೇಕು ಅಂತ ಕೇಳಿದ್ದಲ್ಲ. ಹನ್ನೆರಡೂವರೆಗೆ ಶೋ ಮುಗಿದು ವ್ಯಾನಿಗೆ ಕಾಯ್ತಾ ಬಾಗಿಲ ಹತ್ರ ನಿಂತಿದ್ವಿ, ನಮಗೆ ಕಲಿಸಿದ ಹುಡುಗಿ ಜೀನ್ಸ್ ಹಾಕ್ಕೊಂಡು ಬಟ್ಟೆ ಚೀಲದಲ್ಲಿ ಶೂ ಇಟ್ಕೊಂಡು ಹೊರಗೆ ಬಂದ್ಲು. ಇಷ್ಟೊತ್ತಲ್ಲಿ ಮನೆಗೆ ಹೇಗೆ ಹೋಗ್ತೀಯಮ್ಮ ಅಂತ ಇವ್ರು ಕೈಸನ್ನೆ ಬಾಯ್ಸನ್ನೆ ಮಾಡಿ ಕೇಳಿದ್ರು. ಅವಳು ನಕ್ಕು "ಮನೆಗಾ? ಈಗ ಮಿಲೊಂಗಕ್ಕೆ" ಅಂದ್ಲು. ದುಡ್ಡಿಗೆ ಮೂರು ಗಂಟೆ ಕುಣಿದು, ಇನ್ನು ತನಗೋಸ್ಕರ ಕುಣಿಯೋಕೆ ಹೊರಟಿದ್ಲು. ಹೋಗುವಾಗ ಇವ್ರ ಗಲ್ಲ ಇನ್ನೊಂದ್ಸಲ ಮೇಲೆತ್ತಿ ಹೋದ್ಲು.

ಮರೆತಿದ್ದೆ, ಶೋ ಮಧ್ಯದಲ್ಲಿ ಗೌಚೊ ವೇಷದವ್ನೊಬ್ಬ ಬಂದು ಹಗ್ಗದ ತುದಿಗೆ ಗುಂಡು ಕಟ್ಟಿ ಎರಡೂ ಕೈಲಿ ಬೀಸ್ತಾ ನೆಲಕ್ಕೆ ಟಪಟಪ ಹೊಡಿತಾ ಬೂಟುಗಾಲಲ್ಲಿ ಕುಣಿದ, ಅದು ಟ್ಯಾಂಗೊ ಅಲ್ವಂತೆ, ಬಯಲುಸೀಮೆಯ ದನಗಾಹಿಗಳ ಮಲಾಂಬೊ. ನಮ್ಮದು ಮುಂದಿನ ಟೇಬಲ್ಲು, ಗುಂಡು ನನ್ನ ಮೂಗಿಗಿಂತ ಎರಡಡಿ ದೂರದಲ್ಲಿ ಹೋಗ್ತಿತ್ತು. ನಾನು ವೈನ್ ಗ್ಲಾಸ್ ಎತ್ತಿ ಮಡಿಲಲ್ಲಿ ಇಟ್ಕೊಂಡೆ. ಮುಂದಿನ ಸೀಟು ಕೇಳೋರು ಯೋಚ್ನೆ ಮಾಡಿ.

ಬಸ್‌ಪಾಸ್
ಎಲ್ಲ ಓದಿದೆ. ನಾನು ಒಬ್ನೇ ಹೋಗೋದು, ಜೋಡಿ ಇಲ್ದೆ ಕ್ಲಾಸಿಗೆ ಸೇರಿಸ್ಕೋತಾರಾ? ಮತ್ತೆ ಶೂ ಯಾವ್ದು ಹಾಕ್ಲಿ, ನನ್ ಹತ್ರ ಇರೋದು ಒಂದೇ ಸ್ಪೋರ್ಟ್ಸ್ ಶೂ.

ತುಂಗಾತೀರ
ಸ್ಪೋರ್ಟ್ಸ್ ಶೂ ಬೇಡ್ವೇ ಬೇಡ. ನಾನು ಅದನ್ನೇ ಹಾಕ್ಕೊಂಡು ಹೋಗಿದ್ದು, ರಬ್ಬರು ನೆಲಕ್ಕೆ ಕಚ್ಕೊಂಡುಬಿಡತ್ತೆ, ಮೈ ತಿರುಗತ್ತೆ ಪಾದ ತಿರುಗಲ್ಲ, ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳೋದು ಮಂಡಿ. ಎರಡು ವಾರ ನೋವಿತ್ತು. ಚರ್ಮದ ಅಡಿ ಇರೋ ಮಾಮೂಲಿ ಆಫೀಸ್ ಶೂ ಸಾಕು.

ಐದನೇಹೆಜ್ಜೆ
ಒಬ್ರೇ ಹೋದ್ರೆ ಏನೂ ತೊಂದ್ರೆ ಇಲ್ಲ, ಕ್ಲಾಸಲ್ಲಿ ಜೋಡಿ ಬದಲಾಯಿಸ್ತಾನೇ ಇರ್ತಾರೆ. ನನ್ನ ಮಾತು ಕೇಳೋದಾದ್ರೆ ಒಂದಿನ ಆಲ್ಮಾಗ್ರೋದಲ್ಲಿರೋ ಲಾ ಕತೆದ್ರಾಲ್‌ಗೆ ಹೋಗಿ. ಹಳೇ ಗೋಡೌನು, ಮಬ್ಬು ಬೆಳಕು, ಸಂಜೆ ಕಲಿಯೋರಿಗೆ ಕ್ಲಾಸು, ಆಮೇಲೆ ಮಿಲೊಂಗ. ಒಗ್ಗರಣೆಯವ್ರು ಗಮನಿಸಿ, ಅಲ್ಲಿನ ಅಡುಗೆ ವೆಜ್ಜು! ಬೆಲ್‌ಗ್ರಾನೊ ಪಾರ್ಕಿನ ಮಂಟಪದಲ್ಲಿ ಲಾ ಗ್ಲೋರಿಯೇಟಾ ಅಂತ ಬಯಲಲ್ಲೇ ಕುಣಿತಾರೆ, ಸುಮ್ನೆ ಕಟ್ಟೆ ಮೇಲೆ ಕೂತು ನೋಡ್ಬಹುದು. ಭಾನುವಾರ ಆದ್ರೆ ಸಾನ್ ತೆಲ್ಮೊ ಸಂತೆ ಮುಗಿದ ಮೇಲೆ ಪ್ಲಾಸಾ ದೊರೇಗೊದಲ್ಲಿ ನಿಲ್ಲಿ. ಮತ್ತೆ ತಲೆ ಮೇಲೆ ಕೆಳಗೆ ಅಲ್ಲಾಡ್ಸಿ, ಅಡ್ಡಡ್ಡ ಬೇಡ.

ಮೇಷ್ಟ್ರು_ನಿವೃತ್ತ
ಶೋನೂ ನೋಡಿ.

ಹುಬ್ಳಿಮಂದಿ
ಮತ್ತ ಪೇಟಿ ನುಡಿಸಾವನ ಕಡೆ ಕುಂಡ್ರು.

ಒಗ್ಗರಣೆ
ಬಸ್‌ಪಾಸ್, ನೀವೂ ವೆಜ್ ಆದ್ರೆ ಈ ಸಾಲು ಬಾಯಿಪಾಠ ಮಾಡ್ಕೊಳ್ಳಿ, ನನ್ ತಂಗಿ ಸ್ಪ್ಯಾನಿಷ್ ಕಲೀತಿದಾಳೆ ಅವಳ ಹತ್ರ ಬರೆಸಿದ್ದು: "ಸೋಯ್ ವೆಹೆತರಿಯಾನೊ, ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್." ದನ ಬೇಡ, ಕೋಳಿ ಬೇಡ, ಮೀನು ಬೇಡ, ಹ್ಯಾಮ್ ಬೇಡ.

ಬಸ್‌ಪಾಸ್
(ಐದು ವಾರ ಆದ್ಮೇಲೆ) ಹೋಗ್ಬಂದೆ ಎಲ್ರಿಗೂ. ಲಾ ಕತೆದ್ರಾಲೂ ಆಯ್ತು, ಡಿನ್ನರ್ ಶೋನೂ ಆಯ್ತು, ಮೇಷ್ಟ್ರು ಗೆದ್ರು ಐದನೇಹೆಜ್ಜೆಯವ್ರೂ ಗೆದ್ರು. ಆಫೀಸ್ ಶೂ ಹಾಕಿದ್ದೆ, ಮಂಡಿ ಕ್ಷೇಮ. ಕ್ಲಾಸಲ್ಲಿ ನಂಗೆ ಜೋಡಿಯಾಗಿ ಸಿಕ್ಕಿದ್ದು ಪೊರ್ತು ಅಲೆಗ್ರಿಯಿಂದ ಬಂದ ಒಬ್ರು ಅಜ್ಜಿ, ಅವ್ರೇ ನನ್ನನ್ನ ನಡೆಸಿದ್ದು, ನಾನು ಸುಮ್ನೆ ಹೋದೆ. ತಾಂಡಾ ಮುಗಿಯೋ ತನಕ ತುಟಿ ಕಚ್ಚಿಕೊಂಡು ಗ್ರಾಸಿಯಾಸ್ ಹೇಳ್ದೇ ಇದ್ದೆ.

ಊಟದ ಹೊತ್ತಿಗೆ ಒಗ್ಗರಣೆಯವ್ರ ಸಾಲನ್ನ ಒಂದಕ್ಷರ ತಪ್ಪದೆ ಹೇಳಿದೆ. ವೇಟರ್ ಎದೆ ಮೇಲೆ ಕೈ ಇಟ್ಕೊಂಡು ಕೇಳಿ, ಪೂರ್ತಿ ಅರ್ಥ ಆಯ್ತು ಅಂತ ತಲೆ ಬಗ್ಗಿಸಿ, ಒಳಗೆ ಹೋಗಿ ಬಿಸಿಬಿಸಿ ಎಂಪನಾಡ ತಂದಿಟ್ಟ.

ಬೇಕನ್ನು. ಅದು ಪಟ್ಟಿಯಲ್ಲಿ ಇರ್ಲಿಲ್ವಲ್ಲ.